ಎರಡನೇ ಆಪರೇಷನ್ನಿಗೆ ಮುಂಚೆ

ಕೇಳುಗರಿಗೆ ನಮಸ್ಕಾರ.

ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಅದರ ಆಪರೇಷನ್ ಆಗಿದೆ. ವಯಸ್ಸು ಇನ್ನೂ ಮೂವತ್ತರ ಆಸುಪಾಸು. ನೋವು ಮಾತ್ರ ಹೋಗಿಲ್ಲ. ಇನ್ನೊಂದು ಆಪರೇಷನ್ ಮಾಡಿಸಬೇಕೇ, ಬೇಡವೇ? ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡುವವರು, ಸಂಡೂರಿನ ಗಣಿಗಳಿಗೆ ಲಾರಿ ಓಡಿಸುವವರು, ಸಿಂಧನೂರಿನ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಹಚ್ಚುವ ತಾಯಂದಿರು, ನಿಮಗೇ ಈ ಮಾತು.

ಹೇಳಬೇಕಾದದ್ದು ಒಂದೇ. ಈಗಿನ ನೋವು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವ ತನಕ ಎರಡನೇ ಆಪರೇಷನ್ನಿಗೆ ಒಪ್ಪಬೇಡಿ.

ಯಾರು ಕಾಯಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂತ್ರ ಕಟ್ಟಿಕೊಂಡರೆ, ಅಥವಾ ತಿಳಿಯದೆಯೇ ಹೋಗುತ್ತಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಮೇಲೆತ್ತಲಾಗದೆ ಚಪ್ಪಲಿ ಕಳಚಿ ಬೀಳತೊಡಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿ ತಾಸುಗಳ ಲೆಕ್ಕ. ಅಮಾವಾಸ್ಯೆ ಕಳೆಯಲಿ ಎಂದು ಕೂರಬೇಡಿ. ಈಗ ಬಿ.ಎಂ.ಸಿ.ಆರ್.ಸಿ. ಎಂದು ಹೆಸರಾದ ಬಳ್ಳಾರಿಯ ವಿಮ್ಸ್, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ.

ಉಳಿದವರಿಗೆ ಯೋಚಿಸಲು ಸಮಯವಿದೆ. ಡಿಸ್ಕ್ ಆಪರೇಷನ್ನಿನಲ್ಲಿ ಆಗುವುದು ಇಷ್ಟು: ನರವನ್ನು ಒತ್ತುತ್ತಿರುವ ಡಿಸ್ಕಿನ ತುಣುಕನ್ನು ತೆಗೆಯುತ್ತಾರೆ. ಅದರಿಂದ ಕಾಲಿಗೆ ಇಳಿಯುವ ನೋವು ಹೋಗುತ್ತದೆ. ನಡುನೋವು ಹೋಗಬಹುದು, ಹೋಗದೆಯೂ ಇರಬಹುದು. ಕಾಲು ಹಗುರಾಗಿ ನಡುನೋವು ಉಳಿದಿದ್ದರೆ ಆಪರೇಷನ್ ಕೆಟ್ಟಿತು ಎನ್ನಬೇಡಿ.

ಇನ್ನು ನೆನಪು ಮಾಡಿಕೊಳ್ಳಿ: ಆಪರೇಷನ್ ಆದ ಮೇಲೆ ಎಷ್ಟು ದಿನ ಚೆನ್ನಾಗಿದ್ದಿರಿ? ಒಂದು ದಿನವೂ ಕಡಿಮೆಯಾಗಲಿಲ್ಲ ಎಂದರೆ ತುಣುಕು ಪೂರ್ತಿ ಬಂದಿಲ್ಲ, ಬೇರೆ ಮಣಿಯ ಹತ್ತಿರ ಆಪರೇಷನ್ ಆಗಿದೆ, ಇಲ್ಲವೆ ರೋಗವೇ ಬೇರೆ. ಆರೆಂಟು ತಿಂಗಳು ಆರಾಮಾಗಿದ್ದು, ಮೂಟೆ ಎತ್ತುವಾಗ ಕಾಲಿಗೆ ಥಟ್ಟನೆ ಮಿಂಚು ಹೊಡೆದಂತಾದರೆ ಡಿಸ್ಕ್ ಮತ್ತೆ ಜಾರಿರುವ ಸಂಭವ ಹೆಚ್ಚು. ಎರಡನೇ ಆಪರೇಷನ್ ಚೆನ್ನಾಗಿ ಫಲ ಕೊಡುವುದು ಇಂಥವರಿಗೇ. ಕೆಲವು ತಿಂಗಳಲ್ಲಿ ನಿಧಾನಕ್ಕೆ ನೋವು ಮರಳಿದರೆ ಗಾಯ ಮಾಗುವಾಗ ಬೆಳೆದ ಗಂಟು ನರವನ್ನು ಹಿಡಿದಿರಬಹುದು. ಗಂಟನ್ನು ಕೊಯ್ದರೆ ಮತ್ತೆ ಗಂಟೇ ಬೆಳೆಯುತ್ತದೆ.

ಗಂಟೋ ಡಿಸ್ಕೋ ಎಂದು ತಿಳಿಯಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಎಂ.ಆರ್.ಐ. ಮಾಡಬೇಕು. ಗಂಟು ಬೆಳ್ಳಗೆ ಹೊಳೆಯುತ್ತದೆ, ಡಿಸ್ಕ್ ಹೊಳೆಯುವುದಿಲ್ಲ. ಅದಕ್ಕೆ ಮುಂಚೆ ಮೂತ್ರಪಿಂಡ ಸರಿಯಿದೆಯೇ ಎಂದು ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ಬರೀ ರಿಪೋರ್ಟಿನ ಫೋಟೋ ಮೊಬೈಲಿನಲ್ಲಿ ಕಳಿಸಿ 'ಆಪರೇಷನ್ ಬೇಕಾ ಸರ್' ಎಂದು ಕೇಳುತ್ತೀರಿ. ಯಾವ ನೋವೂ ಇಲ್ಲದ 20ರ ವಯಸ್ಸಿನ 100 ಮಂದಿಗೆ ಸ್ಕ್ಯಾನ್ ಮಾಡಿದರೂ 37 ಮಂದಿಯ ಡಿಸ್ಕ್ ಸವೆದಿರುತ್ತದೆ, 30 ಮಂದಿಯದು ಉಬ್ಬಿರುತ್ತದೆ. ರಿಪೋರ್ಟಿನಲ್ಲಿ ಉಬ್ಬು ಎಂದು ಬರೆದ ಮಾತ್ರಕ್ಕೆ ನಿಮ್ಮ ನೋವು ಅದರದೇ ಆಗಬೇಕಿಲ್ಲ ದಯವಿಟ್ಟು.

ಕುಷ್ಟಗಿ ಕಡೆಯ ಒಬ್ಬ ಯುವಕನ ಸಂಗತಿ ಹೇಳಲೇಬೇಕು. ಕುರಿ ಕಾಯುವ ಮನೆತನ, 27 ವರ್ಷ. ಡಿಸ್ಕ್ ಆಪರೇಷನ್ ಆಗಿತ್ತು, ಒಂದು ದಿನವೂ ನೋವು ಇಳಿಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮಣಿಗಳನ್ನು ಬೆಸೆಯಲು ರಾಡು, ಸ್ಕ್ರೂ ಹಾಕಬೇಕೆಂದು ತೀರ್ಮಾನವಾಯಿತು. ಮನೆಯವರು ಇಪ್ಪತ್ತು ಕುರಿ ಮಾರಲು ಸಿದ್ಧರಾದರು. ಅಷ್ಟರಲ್ಲಿ ಇನ್ನೊಬ್ಬ ವೈದ್ಯರು ಹುಡುಗನನ್ನು ಕೂರಿಸಿಕೊಂಡು ವಿಚಾರಿಸಿದರು. "ಕಾಲಿಗೆ ಏನೂ ಇಲ್ರಿ, ಟೊಂಕಾನ ನೋಯ್ತೈತ್ರಿ, ಮಲಗಿದ್ರೂ ಬಿಡಂಗಿಲ್ರಿ" ಎಂದ. ಜ್ವರ? ಸಂಜೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು. ತೂಕ? ಧೋತರ ಸಡಿಲಾಗಿದೆ. ಹಾಲು? ಹಟ್ಟಿಯಲ್ಲಿ ಕರೆದದ್ದು ಕರೆದಂತೆಯೇ ಕುಡಿಯುತ್ತಾನೆ. ಕಂದು ಹಾಕಿದ, ಅಂದರೆ ಗರ್ಭಪಾತವಾದ ಕುರಿಗಳ ಮಾಸವನ್ನು ಬರಿಗೈಯಲ್ಲೇ ಎತ್ತಿ ಹಾಕಿದ್ದಾನೆ. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲಾ ಸಿಕ್ಕಿತು. ಕುರಿ, ಮೇಕೆ, ದನಗಳಿಂದ ಬರುವ ಈ ಸೋಂಕು ಬೆನ್ನುಮೂಳೆಯ ಕೆಳಗಿನ ಮಣಿಗಳಲ್ಲಿ ಕೂರುತ್ತದೆ, ಸ್ಕ್ಯಾನಿನಲ್ಲಿ ಸವೆದ ಡಿಸ್ಕಿನಂತೆಯೇ ಕಾಣಬಹುದು. ಡಾಕ್ಸಿಸೈಕ್ಲಿನ್ ಮಾತ್ರೆ, ಜತೆಗೆ ಇನ್ನೊಂದು ಆ್ಯಂಟಿಬಯೋಟಿಕ್, ಕನಿಷ್ಠ 3 ತಿಂಗಳು. ನಡುವೆ ಬಿಟ್ಟರೆ ಮರುಕಳಿಸುತ್ತದೆ. ಅವನು ಬಿಡಲಿಲ್ಲ. ಈಗ ಮತ್ತೆ ಕುರಿಗಳ ಹಿಂದೆ ಇದ್ದಾನೆ, ಹಾಲು ಕಾಯಿಸಿ ಕುಡಿಯುತ್ತಾನೆ.

ನಮ್ಮ ಕಡೆ ಬೆನ್ನುಮೂಳೆಯ ಕ್ಷಯವೂ ಹೀಗೇ ಮೋಸ ಮಾಡುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ತಾಸಿಗೂ ಹೆಚ್ಚು ನಡು ಬಿಗಿದು, ಓಡಾಡಿದರೆ ಸಡಿಲಾಗುವ ಯುವಕರು ಕೀಲುವಾತದ ತಜ್ಞರನ್ನು ನೋಡಬೇಕು. ಆಪರೇಷನ್ ಆದ ಎರಡರಿಂದ ಆರು ವಾರದಲ್ಲಿ ಹಾಸಿಗೆಯಲ್ಲಿ ಹೊರಳಲಾಗದಷ್ಟು ನೋವು ಬಂದರೆ ಸೋಂಕು, ಉರಿಯೂತದ ಸುಳಿವು ಕೊಡುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತ ಪರೀಕ್ಷೆ ಮಾಡಿಸಿ. ಡಿಸ್ಕಿನ ಜಾಗದಲ್ಲೇ ಕೀವಿರಬಹುದು. ಇದಕ್ಕೇ ಮತ್ತೆ ಹೇಳುತ್ತೇನೆ, ನೋವು ಎಲ್ಲಿಯದು ಎಂದು ಮೊದಲು ಹುಡುಕಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಯಾವ ನರ ಎಂದು ಅನುಮಾನವಿದ್ದರೆ ಆ ನರದ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಕೆಲವು ತಾಸು ನೋವು ನಿಂತರೆ ಮೂಲ ಅಲ್ಲೇ. ರಾಡು ಹಾಕುವ ಮುಂಚೆ ನಿಂತು, ಮುಂದೆ ಬಾಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇಯಲ್ಲಿ ಮಣಿ ಜರುಗುತ್ತಿದೆಯೇ ಎಂದು ತೋರಿಸಲು ಕೇಳಿ. ಮಣಿಗಳನ್ನು ಬೆಸೆದರೆ ಅದರ ಮೇಲಿನ, ಕೆಳಗಿನ ಡಿಸ್ಕಿನ ಮೇಲೆ ಭಾರ ಹೆಚ್ಚುತ್ತದೆ. ಮೂವತ್ತರವರು ಇನ್ನೂ ಮೂವತ್ತು ವರ್ಷ ದುಡಿಯಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಎಷ್ಟೋ ಸಲ ಬೆಸುಗೆ ಸರಿಯಾಗಿ ಕೂಡುವುದಿಲ್ಲ, ಒಂದೂವರೆ ತಿಂಗಳು ಮುಂಚೆಯೇ ಬಿಡಿ, ಗುಟ್ಕಾ ಸಹಿತ. ಆಯುಷ್ಮಾನ್ ಕಾರ್ಡಿನಲ್ಲಿ ಖರ್ಚಿಲ್ಲ ಎಂಬುದು ಆಪರೇಷನ್ನಿಗೆ ಕಾರಣವಲ್ಲ.

ಎರಡನೇ ವೈದ್ಯರ ಬಳಿ ಹೋಗುವಾಗ ಮೊದಲಿನ ಮತ್ತು ಈಗಿನ ಎಂ.ಆರ್.ಐ. ಫಿಲ್ಮು, ಡಿಸ್ಚಾರ್ಜ್ ಸಮರಿ, ಮುಖ್ಯವಾಗಿ ಆಪರೇಷನ್ ನೋಟ್ಸ್ ಒಯ್ಯಿರಿ. ಯಾವ ಮಣಿ, ಯಾವ ಬದಿ, ಏನು ತೆಗೆದರು ಎಂಬುದು ಅದರಲ್ಲೇ ಇರುತ್ತದೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಆಪರೇಷನ್ ಆದಲ್ಲಿ ಅರ್ಜಿ ಕೊಡಿ. 72 ತಾಸಿನೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಸಂಕೋಚಪಡದೆ ಕೇಳಿ ತೆಗೆದುಕೊಳ್ಳಿ. ನಮಸ್ಕಾರ.