ಕಂದು ಪಾಚಿಯ ಒಗರು

ಕೇಳುಗರಿಗೆ ನಮಸ್ಕಾರ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದವರಿಗೆಲ್ಲ ಚೊಗರು ಗೊತ್ತು. ಕೈಗೆ ಹತ್ತಿದರೆ ಬೇಗ ಹೋಗದ, ನಾಲಿಗೆಗೆ ತಾಗಿದರೆ ಬಾಯೆಲ್ಲ ಒಗರಾಗುವ ರಸ. ಆ ಒಗರಿಗೆ ಕಾರಣ ಟ್ಯಾನಿನ್, ಅಂದರೆ ಪಾಲಿಫಿನಾಲ್ ಗುಂಪಿನ ವಸ್ತು. ಕಡಲಿನ ಕಂದು ಪಾಚಿಗಳಲ್ಲೂ ಅವುಗಳದ್ದೇ ಆದ ಟ್ಯಾನಿನ್ ಇದೆ. ಅದರ ಹೆಸರು ಫ್ಲೋರೋಟ್ಯಾನಿನ್.

ಐರ್ಲೆಂಡ್, ಸ್ಕಾಟ್ಲೆಂಡ್, ನಾರ್ವೆಯ ಕಡಲಬಂಡೆಗಳ ಮೇಲೆ ಆಸ್ಕೋಫಿಲಮ್ ಎಂಬ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಉದ್ದನೆಯ ಪಟ್ಟಿ, ನಡುನಡುವೆ ಗಾಳಿ ತುಂಬಿದ ಗುಳ್ಳೆ. ಸಾಮಾನ್ಯವಾಗಿ ವರ್ಷಕ್ಕೊಂದು ಗುಳ್ಳೆ ಮೂಡುತ್ತದೆ. ಇಳಿತದ ಹೊತ್ತಿಗೆ ಈ ಪಾಚಿ ಗಂಟೆಗಟ್ಟಲೆ ನೀರಿಲ್ಲದೆ ಬಿಸಿಲಿಗೆ ಬಿದ್ದಿರುತ್ತದೆ. ಓಡಿಹೋಗುವ ಹಾಗಿಲ್ಲ ನೋಡಿ. ಬಿಸಿಲು ಜಾಸ್ತಿಯಾದರೆ ಜೀವಕೋಶದೊಳಗೆ ಆಮ್ಲಜನಕದ ಪುಂಡ ಕಣಗಳು ಹುಟ್ಟಿ ಸುತ್ತಲಿನದ್ದನ್ನೆಲ್ಲ ಕೆಡಿಸತೊಡಗುತ್ತವೆ. ಫ್ಲೋರೋಟ್ಯಾನಿನ್ ತನ್ನಲ್ಲಿರುವ ಹೈಡ್ರೋಜನ್ ಕೊಟ್ಟು ಅವುಗಳನ್ನು ಸುಮ್ಮನಾಗಿಸಬಲ್ಲದು. ಆ್ಯಂಟಿಆಕ್ಸಿಡೆಂಟ್ ಅಂದರೆ ಇಷ್ಟೇ.

ಅದಕ್ಕಿಂತ ನನಗೆ ಬೆರಗು ಹುಟ್ಟಿಸುವ ಸಂಗತಿ ಇನ್ನೊಂದಿದೆ. ಈ ಪಾಚಿಯನ್ನು ಸಣ್ಣ ಕಡಲಬಸವನಹುಳುಗಳು ಮೇಯುತ್ತವೆ. ಮೇಯಲು ಶುರುಮಾಡಿದರೆ ಪಾಚಿ ತನ್ನ ಒಗರನ್ನು ಹೆಚ್ಚಿಸಿಕೊಳ್ಳುತ್ತದೆ. ಸ್ವೀಡನ್ನಿನ ಗುನಿಲ್ಲಾ ಟೋತ್ ಮತ್ತು ಹೆನ್ರಿಕ್ ಪಾವಿಯಾ 2000ನೇ ಇಸವಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೋರಿಸಿದರು. ಹುಳು ಮೇಯುತ್ತಿರುವ ಪಾಚಿಯ ಕಡೆಯಿಂದ ನೀರು ಹರಿದು ಬಂದರೆ ಸಾಕು, ಹುಳು ಮುಟ್ಟದ ಪಾಚಿಯೂ ಒಗರು ಏರಿಸಿಕೊಳ್ಳುತ್ತದೆ. ನೀರಿನಲ್ಲೇ ಸುದ್ದಿ ಹೋಗುತ್ತದೆ, ಅಲ್ವಾ! ಬೇರಿಲ್ಲ, ನರವಿಲ್ಲ, ಆದರೂ ಪಕ್ಕದವರ ಕಷ್ಟ ತಿಳಿಯುತ್ತದೆ.

ಪುಂಡ ಕಣಗಳನ್ನು ಸುಮ್ಮನಾಗಿಸುವ ಫ್ಲೋರೋಟ್ಯಾನಿನ್‌ನ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಬಹುದು. ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ಗಾಢ ನೇರಳೆ ಬಣ್ಣದ್ದು. ಅದಕ್ಕೆ ಪಾಚಿಯ ಸಾರ ಸ್ವಲ್ಪ ಹಾಕಿದರೆ ನೇರಳೆ ಮಾಸುತ್ತಾ ಬಂದು ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತು ಎನ್ನುವುದನ್ನು ಯಂತ್ರ ಅಳೆಯುತ್ತದೆ.

ಆದರೆ ಕೊಳವೆಯಲ್ಲಿ ಬಣ್ಣ ಮಾಸಿದ್ದಕ್ಕೆ ನಮ್ಮ ಕಾಯಿಲೆಯೂ ಮಾಸುತ್ತದೆ ಎಂದುಕೊಳ್ಳಬೇಡಿ. ಫ್ಲೋರೋಟ್ಯಾನಿನ್‌ನ ಅಣುಗಳಲ್ಲಿ ಬಹಳಷ್ಟು ದೊಡ್ಡವು. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಕಡಿಮೆ. ಹೆಚ್ಚಿನದು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆಯುತ್ತದೆ. ಜಾಹೀರಾತುಗಳು ಈ ಮಾತನ್ನೇ ನುಂಗಿಬಿಡುತ್ತವೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಕೊರಿಯಾದಲ್ಲಿ ಎಕ್ಲೋನಿಯಾ ಕಾವಾ ಎಂಬ ಕಂದು ಪಾಚಿಯಿಂದ ಫ್ಲೋರೋಟ್ಯಾನಿನ್ ತೆಗೆದು ಪೂರಕ ಆಹಾರವಾಗಿ ಮಾರುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ಅದನ್ನು ಪರಿಶೀಲಿಸಿತು. ದೊಡ್ಡವರಿಗೆ ದಿನಕ್ಕೆ 263 ಮಿಲಿಗ್ರಾಂ ಮೀರಬಾರದು ಎಂದಿತು. ಥೈರಾಯ್ಡ್ ತೊಂದರೆ ಇರುವವರು ಅದನ್ನು ತೆಗೆದುಕೊಳ್ಳಲೇಬಾರದು. ಕಂದು ಪಾಚಿಗಳು ಕಡಲಿನ ಅಯೋಡಿನ್ ಅನ್ನು ಹೀರಿ ಇಟ್ಟುಕೊಳ್ಳುತ್ತವೆ. ಅದು ಅತಿಯಾದರೆ ಥೈರಾಯ್ಡ್ ಗ್ರಂಥಿಯ ಲಯವೇ ತಪ್ಪುತ್ತದೆ. ಹಿಜಿಕಿ ಎಂಬ ಪಾಚಿಯಲ್ಲಂತೂ ಆರ್ಸೆನಿಕ್ ಜಾಸ್ತಿ. ಅದನ್ನು ತಿನ್ನಬೇಡಿ ಎಂದು ಬ್ರಿಟನ್ ತನ್ನ ಜನರಿಗೆ ಹೇಳಿದೆ.

ನಮ್ಮ ಕಾರವಾರದ ಕಡಲಬಂಡೆಗಳ ಮೇಲೂ ಸರ್ಗಾಸಮ್, ಪಡೈನಾ ಎಂಬ ಕಂದು ಪಾಚಿಗಳಿವೆ. ಸರ್ಗಾಸಮ್‌ಗೆ ಮೆಣಸಿನ ಕಾಳಿನಂಥ ಪುಟ್ಟ ಗಾಳಿಗುಳ್ಳೆಗಳು. ಪಡೈನಾ ಬೀಸಣಿಗೆಯ ಆಕಾರದ್ದು. ಬೆಚ್ಚಗಿನ ಕಡಲಿನ ಪಾಚಿಗಳಲ್ಲಿ ಫ್ಲೋರೋಟ್ಯಾನಿನ್ ಸಾಮಾನ್ಯವಾಗಿ ತಣ್ಣಗಿನ ಕಡಲಿನವುಗಳಿಗಿಂತ ಕಡಿಮೆ. ಜಾತಿ, ಋತು, ಬೆಳೆದ ಜಾಗ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಐರ್ಲೆಂಡಿನ ಪಾಚಿಯ ಲೆಕ್ಕವನ್ನು ನಮ್ಮ ಪಾಚಿಗೆ ಸುಮ್ನೆ ಅಂಟಿಸುವ ಹಾಗಿಲ್ಲ. ಇಲ್ಲಿನದನ್ನು ಇಲ್ಲೇ, ತಿಂಗಳು ತಿಂಗಳೂ ಅಳೆಯಬೇಕು. ಜೀವವಿಜ್ಞಾನ ಓದುವ ಕರಾವಳಿಯ ಮಕ್ಕಳು ಇದಕ್ಕೆ ಕೈಹಾಕಲಿ ಎಂಬುದು ನನ್ನ ಆಸೆ. ನಮಸ್ಕಾರ.