ಕಣಕಾಲು ಸೊಟ್ಟಗಿದೆಯೇ? ವಯಸ್ಸು ಮೀರಿಲ್ಲ

ಕೇಳುಗರಿಗೆ ನಮಸ್ಕಾರ.

‘ಚಿಕ್ಕಂದಿನಲ್ಲೇ ಮಾಡಿಸಬೇಕಿತ್ತು ಡಾಕ್ಟರೇ, ಈಗ ವಯಸ್ಸಾಯಿತಲ್ಲ.’ ಈ ಮಾತನ್ನು ಜನರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಹುಟ್ಟಿನಿಂದಲೇ ಒಳಕ್ಕೆ ತಿರುಚಿದ ಪಾದ, ಪೋಲಿಯೊದಿಂದ ಹಿಮ್ಮಡಿ ಊರಲಾಗದ ಕಾಲು, ಮುರಿದು ಓರೆಯಾಗಿ ಕೂಡಿಕೊಂಡ ಕಣಕಾಲು, ಇವನ್ನೆಲ್ಲ ನಲವತ್ತರಲ್ಲೂ ಐವತ್ತರಲ್ಲೂ ಸರಿಪಡಿಸಬಹುದು. ವಯಸ್ಸು ಮೀರಿಲ್ಲ.

ನಂಬಿಕೆಯಿಲ್ಲವೇ? ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿಯವರ ಕಥೆ ಕೇಳಿ. 1961ರಲ್ಲಿ ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ಅವರ ಕಾಲು ಮುರಿಯಿತು. ಮೂಳೆ ನೆಟ್ಟಗೆ ಕೂಡಲಿಲ್ಲ, ಕಾಲು ಗಿಡ್ಡವಾಯಿತು. ಆಸಾಮಿ ಸುಮ್ಮನೆ ಕೂರಲಿಲ್ಲ. ಆ ಕಾಲಿನಲ್ಲೇ, ಜೊಂಡಿನಿಂದ ಕಟ್ಟಿದ ‘ರಾ’ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದರು! ಆ ಯಾನದ ವೈದ್ಯರು ಸೋವಿಯತ್ ದೇಶದವರು, ಯೂರಿ ಸೆಂಕೆವಿಚ್. ಅವರ ಮೂಲಕ ಮೌರಿ 1980ರಲ್ಲಿ ಸೈಬೀರಿಯಾದ ಕುರ್ಗಾನ್ ಊರಿಗೆ, ಗವ್ರಿಲ್ ಇಲಿಜಾರೊವ್ ಎಂಬ ವೈದ್ಯರ ಬಳಿಗೆ ಹೋದರು. ಆಗ ಅವರಿಗೆ ಐವತ್ತು ವರ್ಷ. ನೆನಪಿರಲಿ, ಐವತ್ತು. ಅವರು ನೆಟ್ಟಗಾದ ಕಾಲಿನೊಂದಿಗೆ ಊರಿಗೆ ಮರಳಿದಾಗ ಇಟಲಿಯ ವೈದ್ಯರು ಬೆರಗಾದರು. ಮರುವರ್ಷವೇ ಇಲಿಜಾರೊವ್ ಅವರನ್ನು ಉಪನ್ಯಾಸಕ್ಕೆ ಕರೆಸಿಕೊಂಡರು. ಪಶ್ಚಿಮ ಯುರೋಪಿಗೆ ಈ ವಿದ್ಯೆ ಪಸರಿಸಿದ್ದು ಹೀಗೆ.

ವಿದ್ಯೆ ಸರಳ. ಕಾಲಿನ ಸುತ್ತ ಲೋಹದ ಬಳೆಗಳು. ಅವಕ್ಕೆ ಬಿಗಿದ ಸಣ್ಣ ತಂತಿಗಳು ಚರ್ಮದ ಮೂಲಕ ಹಾದು ಮೂಳೆಯನ್ನು ಹಿಡಿದಿರುತ್ತವೆ. ಬಳೆಗಳ ನಡುವಿನ ಕಡ್ಡಿಯ ನಟ್ಟನ್ನು ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿಲಿಮೀಟರಿನಷ್ಟು ತಿರುಗಿಸಬೇಕು. ದಿನಕ್ಕೆ ಒಂದೇ ಮಿಲಿಮೀಟರ್. ಮನೆಯಲ್ಲಿ ಹೆಂಡತಿಯೋ ಮಗನೋ ತಿರುಗಿಸಿದರಾಯಿತು. ‘ಒಂದೇ ದಿನದಲ್ಲಿ ನೆಟ್ಟಗೆ ಮಾಡಿಬಿಡಿ’ ಎಂದು ಅವಸರಪಡಿಸುವವರಿದ್ದಾರೆ. ಹಲವು ವರ್ಷ ಮುದುಡಿಕೊಂಡಿದ್ದ ಚರ್ಮ, ನರ, ರಕ್ತನಾಳಗಳನ್ನು ಒಮ್ಮೆಲೇ ಎಳೆದರೆ ಪಾದಕ್ಕೆ ರಕ್ತವೇ ಹರಿಯದೆ ಹೋದೀತು. ನಿಧಾನವಾಗಿ ಎಳೆದರೆ ಅವೂ ಬೆಳೆದು ಹೊಂದಿಕೊಳ್ಳುತ್ತವೆ.

ಅಂದದ ಪಾದ ನಮ್ಮ ಗುರಿಯಲ್ಲ. ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು, ಅಷ್ಟೇ. ಕೀಲು ಸವೆದಿದ್ದರೆ ವಕ್ರತೆಯನ್ನು ತಿದ್ದಿ ಮೂಳೆಗಳನ್ನು ಬೆಸೆಯುತ್ತೇವೆ. ಕಣಕಾಲು ಆಡುವುದಿಲ್ಲ, ಆದರೆ ಹೆಜ್ಜೆ ನೇರವಾಗಿ ಬೀಳುತ್ತದೆ.

ಹೇಳುವುದು ಇನ್ನೂ ಇತ್ತು, ಹೊತ್ತಾಯಿತು. ಬೀಡಿ ಸಿಗರೇಟು ಬಿಡಿ, ಸೇದುವವರ ಮೂಳೆ ಬೇಗ ಕೂಡುವುದಿಲ್ಲ. ತಂತಿ ಹೊಕ್ಕ ಜಾಗವನ್ನು ಸ್ವಚ್ಛವಾಗಿಡಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ.

ಮೂಳೆ ವೈದ್ಯರ ಬಳಿ ಹೋಗುವಾಗ ಹಳೆಯ ಚಪ್ಪಲಿಯನ್ನು ಬಿಸಾಡದೆ ತೆಗೆದುಕೊಂಡು ಹೋಗಿ. ಹೊರ ಅಂಚು ಸವೆದು ಹಿಮ್ಮಡಿಯ ಭಾಗ ಹೊಸದರಂತೆ ಉಳಿದಿದ್ದರೆ, ಭಾರ ಎಲ್ಲಿ ಬೀಳುತ್ತಿದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಎಕ್ಸ್‌ರೇಯನ್ನು ಮಲಗಿ ತೆಗೆಸಬೇಡಿ, ಸಾಧ್ಯವಾದರೆ ನಿಂತೇ ತೆಗೆಸಿ. ನಮಸ್ಕಾರ.