ಮನೆವಾರ್ತೆಯವನ ಲೆಕ್ಕ

ಕೇಳುಗ ಬಂಧುಗಳೇ, ನಮಸ್ಕಾರ.

ನಮ್ಮ ಕ್ರೈಸ್ತ ಸಭೆಯಲ್ಲಿ ಹನ್ನೊಂದು ವರ್ಷ ಖಜಾಂಚಿಯಾಗಿದ್ದವನು ನಾನು. ಭಾನುವಾರದ ಆರಾಧನೆ ಮುಗಿದು ಜನ ಅಂಗಳದಲ್ಲಿ ಕುಶಲ ಮಾತಾಡುತ್ತಿರುವಾಗ, ಒಳಗಿನ ಚಿಕ್ಕ ಕೋಣೆಯಲ್ಲಿ ಇಬ್ಬರು ಹಿರಿಯರೊಂದಿಗೆ ಕುಳಿತು ಕಾಣಿಕೆಯ ಚೀಲವನ್ನು ಮೇಜಿನ ಮೇಲೆ ಸುರಿದು ಎಣಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ಹಾಗೆ ಎಣಿಸುವಾಗ ನಾಲ್ಕು ಮಡಿಕೆ ಮಾಡಿದ ಒಂದು ಲಕೋಟೆ ಸಿಕ್ಕಿತು. ಅದರಲ್ಲಿ ನೂರರ ಎರಡು ನೋಟುಗಳಿದ್ದವು. ಮೇಲೆ ಪೆನ್ಸಿಲಿನಲ್ಲಿ, ಹೆಸರು ಹಾಕದೆ, "ಮನೆಯ ಸಾಲ ತೀರಲಿ ಎಂದು ಪ್ರಾರ್ಥನೆ ಮಾಡಿ" ಎಂದು ಬರೆದಿತ್ತು. ನಾವು ಮೂವರೂ ಎಣಿಕೆ ನಿಲ್ಲಿಸಿ ಪ್ರಾರ್ಥಿಸಿದೆವು. ಆದರೆ ಆ ಕುಟುಂಬದೊಂದಿಗೆ ಕುಳಿತು, ಸಾಲ ಎಷ್ಟು, ಬಡ್ಡಿ ಎಷ್ಟು, ಬರುವ ಹಣ ಎಷ್ಟು ಎಂದು ಕೇಳುವ ಏರ್ಪಾಡು ನಮ್ಮ ಸಭೆಯಲ್ಲಿ ಇರಲಿಲ್ಲವಲ್ಲ ಎಂಬ ಕೊರಗು ಅಂದಿನಿಂದ ನನ್ನಲ್ಲಿ ಉಳಿದುಕೊಂಡಿತು. ಇಂದಿನ ಭಾಷಣ ಹುಟ್ಟಿದ್ದು ಆ ಕೊರಗಿನಿಂದ.

ವಿಶ್ವಾಸಿಗಳಲ್ಲಿ ಅನೇಕರಿಗೆ, ನಾಳೆಗಾಗಿ ಹಣದ ಯೋಜನೆ ಮಾಡುವುದು ದೇವರ ಮೇಲಿನ ಭರವಸೆಗೆ ಕುಂದು ಎಂಬ ಅಳುಕಿದೆ. ನಾಳೆಯ ವಿಷಯದಲ್ಲಿ ಚಿಂತೆ ಮಾಡಬೇಡಿರಿ ಎಂದು ಕರ್ತನಾದ ಯೇಸುವೇ ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದಾನಲ್ಲ ಎಂದು ಅವರು ಕೇಳುತ್ತಾರೆ. ಅಲ್ಲಿ ನಿಷೇಧಿಸಿರುವುದು ಚಿಂತೆಯನ್ನೇ ಹೊರತು ಲೆಕ್ಕವನ್ನಲ್ಲ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು, ಅದನ್ನು ಮುಗಿಸುವಷ್ಟು ಹಣ ತನ್ನಲ್ಲಿದೆಯೇ ಎಂದು ಲೆಕ್ಕ ಮಾಡುವುದಿಲ್ಲವೇ ಎಂದು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕೇಳಿದವನೂ ಅದೇ ಕರ್ತನು. ಆ ಸಾಮ್ಯದಲ್ಲಿ ನನ್ನ ಮನಸ್ಸನ್ನು ಸದಾ ಹಿಡಿಯುವ ಮಾತು "ಕುಳಿತುಕೊಂಡು" ಎಂಬುದು. ಲೆಕ್ಕ ಎಂದರೆ ನಿಂತ ನಿಲುವಿನಲ್ಲಿ, ಅಂಗಡಿಯ ಮುಂದೆ, ಕಂತಿನ ಪತ್ರಕ್ಕೆ ಸಹಿ ಹಾಕುವ ಗಳಿಗೆಯಲ್ಲಿ ಮಾಡುವಂಥದ್ದಲ್ಲ. ಲೆಕ್ಕವಿಲ್ಲದ ಮನೆಯಲ್ಲಿ ಚಿಂತೆ ಹೆಚ್ಚುತ್ತದೆಯೇ ಹೊರತು ಭರವಸೆ ಹೆಚ್ಚುವುದನ್ನು ನಾನು ಕಂಡಿಲ್ಲ.

ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, "ಮನೆವಾರ್ತೆಯವನು" ಎಂಬ ಸೊಗಸಾದ ಮಾತೊಂದಿದೆ. ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವನು, ಆದರೆ ಅದಕ್ಕೆ ಒಡೆಯನಲ್ಲದವನು ಎಂದು ಅದರ ಅರ್ಥ. ಹಣದ ವಿಷಯದಲ್ಲಿ ಕ್ರೈಸ್ತ ವಿಚಾರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಒಡೆಯನಾದವನು ತನ್ನ ಹಣವನ್ನು ಎಣಿಸದೆ ಖರ್ಚು ಮಾಡಿದರೆ ಕೇಳುವವರಿಲ್ಲ. ಮನೆವಾರ್ತೆಯವನಾದರೋ ದಿನವೂ ಲೆಕ್ಕ ಒಪ್ಪಿಸಲು ಸಿದ್ಧನಾಗಿರಬೇಕು.

ಈ ಮಾತನ್ನು ಅಕ್ಷರಶಃ ಬದುಕಿ ತೋರಿಸಿದವರಲ್ಲಿ, ಮೆಥಡಿಸ್ಟ್ ಪಂಥವನ್ನು ಹುಟ್ಟುಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರನ್ನು ನಾನು ಮುಖ್ಯವಾಗಿ ನೆನೆಯುತ್ತೇನೆ. ನಮ್ಮ ಮೈಸೂರು ಸೀಮೆಯ ಹಳೆಯ ಸಭೆಗಳಲ್ಲಿ ಅನೇಕವು ಅವರ ಹೆಸರಿನ ಮಿಷನ್ನಿನಿಂದ ಬೆಳೆದವು. ಮೈಸೂರಿನ ವೆಸ್ಲಿ ದೇವಾಲಯವನ್ನು ಕಂಡವರಿಗೆ ಆ ಹೆಸರು ಹೊಸತಲ್ಲ. ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಸಭಾಪಾಲಕರೊಬ್ಬರ ಮನೆಯಲ್ಲಿ ಹುಟ್ಟಿದರು. ಹತ್ತೊಂಬತ್ತು ಮಕ್ಕಳು ಹುಟ್ಟಿ, ಅವರಲ್ಲಿ ಹತ್ತು ಮಂದಿ ಉಳಿದ ಮನೆ ಅದು. ಜಾನ್ ಎರಡು ವರ್ಷದ ಕೂಸಾಗಿದ್ದಾಗ, 1705ರಲ್ಲಿ, ತಂದೆ ಸ್ಯಾಮ್ಯುಯೆಲ್ ವೆಸ್ಲಿಯವರನ್ನು ಸುಮಾರು 30 ಪೌಂಡ್ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆಯಲ್ಲಿ ಇಟ್ಟರು. ದೇವರ ಸೇವಕನ ಮನೆಗೂ ಸಾಲ ಕೊಟ್ಟವನು ಬರುತ್ತಾನೆ ಎಂಬುದನ್ನು ಆ ಮಗ ಬಾಲ್ಯದಿಂದಲೇ ಬಲ್ಲವನಾಗಿದ್ದ.

ಮುಂದೆ ಆಕ್ಸ್‌ಫರ್ಡಿನಲ್ಲಿದ್ದ ಯುವಕನೊಬ್ಬನ ಲೆಕ್ಕವನ್ನು ವೆಸ್ಲಿಯವರು ತಮ್ಮ ಪ್ರಸಂಗವೊಂದರಲ್ಲಿ ಹೇಳುತ್ತಾರೆ; ಆ ಯುವಕ ಸ್ವತಃ ಅವರೇ ಎಂದು ಎಲ್ಲರೂ ತಿಳಿಯುತ್ತಾರೆ. ಅವನಿಗೆ ವರ್ಷಕ್ಕೆ 30 ಪೌಂಡ್ ವರಮಾನವಿದ್ದಾಗ 28 ಪೌಂಡಿನಲ್ಲಿ ಜೀವನ ಮಾಡಿ 2 ಪೌಂಡನ್ನು ಬಡವರಿಗೆ ಕೊಟ್ಟನು. ಮರುವರ್ಷ ವರಮಾನ 60 ಪೌಂಡ್ ಆಯಿತು. ಆಗಲೂ 28ರಲ್ಲೇ ಬದುಕಿ 32 ಪೌಂಡ್ ಕೊಟ್ಟನು. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92. ಈ ನಾಲ್ಕು ಸಾಲುಗಳ ಲೆಕ್ಕದಲ್ಲಿ ನನ್ನನ್ನು ಬೆರಗುಗೊಳಿಸುವುದು ಅವನು ಕೊಟ್ಟ ಮೊತ್ತಕ್ಕಿಂತ ಹೆಚ್ಚಾಗಿ ಆ ಅಲುಗಾಡದ 28. ತನಗೆ ಎಷ್ಟು ಸಾಕು ಎಂಬುದನ್ನು, ಹೆಚ್ಚಿನ ಹಣ ಕೈಗೆ ಬರುವ ಮೊದಲೇ, ಅವನು ನಿಶ್ಚಯಿಸಿದ್ದನು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಸಂಬಳ ಏರಿದ ತಿಂಗಳೇ ಮನೆಬಾಡಿಗೆ ಏರುತ್ತದೆ, ಹೊಸ ಗಾಡಿಯ ಕಂತು ಸೇರಿಕೊಳ್ಳುತ್ತದೆ, ಮುಂದಿನ ಮದುವೆಗೆ ಕೊಳ್ಳುವ ಸೀರೆಯ ಬೆಲೆ ಏರುತ್ತದೆ. "ಸಾಕು" ಎಂಬ ಗೆರೆ ಮಾತ್ರ ನಾವು ನಡೆದಷ್ಟೂ ದಿಗಂತದಂತೆ ಮುಂದಕ್ಕೆ ಸರಿಯುತ್ತದೆ. ಇಂದಿನ ಬೆಲೆಯೇರಿಕೆಯಲ್ಲಿ, ಬೆಳೆಯುವ ಮಕ್ಕಳಿರುವ ಮನೆಯಲ್ಲಿ, ವೆಸ್ಲಿಯವರಂತೆ ಒಂದೇ ಮೊತ್ತದಲ್ಲಿ ನಿಲ್ಲುವುದು ಆಗದ ಮಾತು ಎಂಬುದನ್ನು ಒಪ್ಪುತ್ತೇನೆ. ಆದರೆ ಗಂಡ ಹೆಂಡತಿ ವರ್ಷಕ್ಕೊಮ್ಮೆ ಕುಳಿತು, ಈ ವರ್ಷ ನಮ್ಮ ಮನೆಗೆ ತಿಂಗಳಿಗೆ ಇಷ್ಟು ಸಾಕು ಎಂದು ಒಂದು ಮೊತ್ತವನ್ನು ಬರೆದಿಡುವುದು ಯಾರಿಂದಲಾದರೂ ಆಗುವ ಕೆಲಸ. ಬರೆದಿಟ್ಟಾಗ ಮಾತ್ರ ಮಿಕ್ಕಿದ್ದು ಎಷ್ಟು ಎಂದು ತಿಳಿಯುತ್ತದೆ.

ಹಣದ ಬಳಕೆಯ ಕುರಿತು ವೆಸ್ಲಿಯವರು ಮಾಡಿದ ಪ್ರಸಂಗ 1760ರಲ್ಲಿ ಅಚ್ಚಾಯಿತು. ಆದಷ್ಟು ಸಂಪಾದಿಸಿರಿ, ಆದಷ್ಟು ಉಳಿಸಿರಿ, ಆದಷ್ಟು ಕೊಡಿರಿ ಎಂಬ ಮೂರು ಸೂತ್ರಗಳನ್ನು ಅದರಲ್ಲಿ ವಿವರಿಸಿದ್ದಾರೆ. ಮೊದಲನೆಯದನ್ನು ಕೇಳಿ ಯಾರೂ ತಪ್ಪು ತಿಳಿಯಬಾರದು. ಅದಕ್ಕೆ ಅವರು ಬಿಗಿಯಾದ ಬೇಲಿ ಹಾಕಿದ್ದಾರೆ. ದೇಹದ ಆರೋಗ್ಯ ಕೆಡುವಂತೆ ದುಡಿಯಬಾರದು, ಮನಸ್ಸಾಕ್ಷಿಗೆ ನೋವಾಗುವ ವ್ಯಾಪಾರ ಮಾಡಬಾರದು, ನೆರೆಯವನ ಕಸುಬನ್ನು ಹಾಳುಮಾಡಿ ಗಳಿಸಬಾರದು. ಹೆಂಡ ಮಾರುವವರನ್ನೂ ಗಿರವಿ ವ್ಯಾಪಾರದವರನ್ನೂ ಅವರು ಹೆಸರೆತ್ತಿ ಖಂಡಿಸುತ್ತಾರೆ. ಎರಡನೆಯ ಸೂತ್ರದ "ಉಳಿಸಿರಿ" ಎಂಬುದಕ್ಕೆ ಅವರು ಕೊಟ್ಟ ಅರ್ಥ ದುಂದು ಮಾಡಬೇಡಿ ಎಂಬುದು, ಕೂಡಿಹಾಕಿರಿ ಎಂದಲ್ಲ. ಹಣವನ್ನು ಪೆಟ್ಟಿಗೆಯಲ್ಲೋ ಬ್ಯಾಂಕಿನಲ್ಲೋ ಸುಮ್ಮನೆ ಇಡುವುದು ಅದನ್ನು ಮಣ್ಣಿನಲ್ಲಿ ಹೂಳಿದಂತೆ ಎನ್ನುವಷ್ಟು ದೂರ ಅವರು ಹೋಗುತ್ತಾರೆ.

ಇಲ್ಲಿ ಮಾತ್ರ ನಾನು ಆ ಹಿರಿಯರ ಮಾತಿಗೆ ವಿನಯದಿಂದ ಒಂದು ತಿದ್ದುಪಡಿ ಸೇರಿಸುತ್ತೇನೆ. ಪಿಂಚಣಿಯಿಲ್ಲದ ದುಡಿಮೆಗಾರನ ಮನೆಯಲ್ಲಿ ಒಬ್ಬರು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ, ಆ ಮನೆ ಬಡ್ಡಿಯವನ ಬಾಗಿಲಿಗೆ ಹೋಗದಂತೆ ತಡೆಯುವುದು ಕೂಡಿಟ್ಟ ಹಣವೇ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷಗಳ ಬೆಳೆಯಲ್ಲಿ ಐದನೆಯ ಒಂದು ಪಾಲನ್ನು ಎತ್ತಿಡಬೇಕೆಂದು ಫರೋಹನಿಗೆ ಹೇಳಿದ್ದು ಬರಗಾಲದ ಏಳು ವರ್ಷಗಳಿಗಾಗಿ. ಕಣಜವನ್ನು ಕೆಡವಿ ದೊಡ್ಡದಾಗಿ ಕಟ್ಟಿಸಿ ತನ್ನ ಪ್ರಾಣಕ್ಕೆ ಮಾತ್ರ ಹಬ್ಬ ಮಾಡಹೊರಟ ಲೂಕನ ಸುವಾರ್ತೆಯ ಐಶ್ವರ್ಯವಂತನೂ ಕೂಡಿಟ್ಟವನೇ. ಇಬ್ಬರ ಕಣಜವೂ ಒಂದೇ ಬಗೆಯದು. ಆದರೆ ಯೋಸೇಫನ ಕಣಜದ ಬಾಗಿಲು ಹಸಿದ ಜನರಿಗೆ ತೆರೆಯಿತು. ಆದ್ದರಿಂದ ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡುವುದನ್ನೂ ಆರೋಗ್ಯ ವಿಮೆ ಮಾಡಿಸುವುದನ್ನೂ ನಾನು ಅವಿಶ್ವಾಸವೆಂದು ಎಣಿಸುವುದಿಲ್ಲ. ತನ್ನ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತ ಕಡೆಯಾದವನು ಎಂಬುದು ತಿಮೊಥೆಯನಿಗೆ ಬರೆದ ಪತ್ರಿಕೆಯ ಖಾರವಾದ ಮಾತು.

ಸಾಲದ ವಿಷಯಕ್ಕೆ ಬರೋಣ. ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ, ಗಂಡ ಸತ್ತ ಮೇಲೆ ಸಾಲ ಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆಂದು ವಿಧವೆಯೊಬ್ಬಳು ಎಲೀಷನ ಮುಂದೆ ಅಳುತ್ತಾಳೆ. ಪ್ರವಾದಿ ಅವಳನ್ನು ಕೇಳಿದ ಪ್ರಶ್ನೆ, ನಿನ್ನ ಮನೆಯಲ್ಲಿ ಏನಿದೆ ಎಂಬುದು. ಒಂದು ಮೊಗೆ ಎಣ್ಣೆಯಿದೆ ಎನ್ನುತ್ತಾಳೆ. ನೆರೆಹೊರೆಯವರ ಬರಿದಾದ ಪಾತ್ರೆಗಳೆಲ್ಲ ಆ ಎಣ್ಣೆಯಿಂದ ತುಂಬಿದ ಮೇಲೆ ಪ್ರವಾದಿ ಹೇಳಿದ ಕ್ರಮವನ್ನು ಗಮನಿಸಬೇಕು: ಎಣ್ಣೆಯನ್ನು ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿರಿ. ಅದ್ಭುತ ನಡೆದ ಮನೆಯಲ್ಲೂ ಸಾಲ ತೀರಿದ್ದು ಮಾರಾಟದ ಹಣದಿಂದ. ಇಂತಿಷ್ಟು ಕಾಣಿಕೆ ಹಾಕಿದರೆ ಸಾಲ ತಾನಾಗಿ ಕರಗುತ್ತದೆ, ಕೊಟ್ಟದ್ದು ನೂರ್ಮಡಿಯಾಗಿ ಮನೆಗೆ ಬರುತ್ತದೆ ಎಂದು ಬೋಧಿಸುವವರ ಮಾತು ನಂಬಿ, ಸಂಘದ ಸಾಲದ ಕಂತನ್ನು ತಪ್ಪಿಸಿ ಕಾಣಿಕೆ ಹಾಕಿದ ತಾಯಂದಿರನ್ನು ನಾನು ಕಂಡಿದ್ದೇನೆ. ಬಹಳ ಸಂಕಟದಿಂದ ಹೇಳುತ್ತೇನೆ, ಆ ಬೋಧನೆ ಬಡವರ ಒಲೆಯನ್ನು ಆರಿಸುತ್ತದೆ.

ನಾನೂ ಈ ವಿಷಯದಲ್ಲಿ ತಪ್ಪಿದವನೇ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನ ಸಾಲಕ್ಕೆ, ಮನೆಯಾಕೆಗೆ ಒಂದು ಮಾತೂ ತಿಳಿಸದೆ, ಜಾಮೀನು ಹಾಕಿ ಬಂದೆ. ಅವನು ಕಟ್ಟಲಿಲ್ಲ, ನಾಲ್ಕು ವರ್ಷ ನನ್ನ ಸಂಬಳದಿಂದ ಕಂತು ಹೋಯಿತು. ಹೊಣೆಯಾಗುವವನಿಗೆ ಜ್ಞಾನೋಕ್ತಿಗಳು ಕೊಡುವ ಎಚ್ಚರಿಕೆಯನ್ನು ನಾನು ಸಭೆಯಲ್ಲಿ ಓದಿದ್ದೆ, ಅದೂ ಪೀಠದ ಬಳಿ ನಿಂತು. ಆ ನಾಲ್ಕು ವರ್ಷದಲ್ಲಿ ನನ್ನ ಹೆಂಡತಿ ಒಮ್ಮೆಯೂ ಚುಚ್ಚಿ ಆಡಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಇಬ್ಬರ ಕೈಬರಹವೂ ಇರಬೇಕೆಂದು ಆಕೆ ನಿಯಮ ಮಾಡಿದಳು. ಪ್ರತಿ ಶನಿವಾರ ರಾತ್ರಿ ಊಟವಾದ ಮೇಲೆ, ಹಾಲಿನ ಚೀಟಿ, ಔಷಧಿ ಅಂಗಡಿಯ ರಸೀದಿ, ಬಸ್ಸಿನ ಖರ್ಚು, ಎಲ್ಲವನ್ನೂ ಇಬ್ಬರೂ ಕೂಡಿ ಬರೆಯುತ್ತೇವೆ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನಗೆ ಬಂದ ಸಂಪಾದನೆಯ ಮೇರೆಗೆ ಗಂಟು ಮಾಡಿಡಲಿ ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನಲ್ಲ, ಆ ಗಂಟನ್ನು ನಾವು ಶನಿವಾರವೇ ಕಟ್ಟುತ್ತೇವೆ.

ಸಾಲಕ್ಕೆ ಸಭೆ ಕೊಡಬಹುದಾದ ಉತ್ತರವನ್ನೂ ವೆಸ್ಲಿಯವರು ತೋರಿಸಿಕೊಟ್ಟಿದ್ದಾರೆ. 1746ರಲ್ಲಿ ಅವರು ಲಂಡನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಉಳ್ಳವರಲ್ಲಿ ಬೇಡಿ 50 ಪೌಂಡ್ ಕೂಡಿಸಿ, ಅದನ್ನು ಇಬ್ಬರು ಮೇಲ್ವಿಚಾರಕರ ಕೈಗೆ ಒಪ್ಪಿಸಿದರು. ಆ ಇಬ್ಬರೂ ಪ್ರತಿ ಮಂಗಳವಾರ ಬೆಳಿಗ್ಗೆ ಕುಳಿತು, ಅಗತ್ಯವುಳ್ಳವರಿಗೆ 20 ಷಿಲಿಂಗ್, ಅಂದರೆ ಒಂದು ಪೌಂಡ್, ಮೀರದಂತೆ ಸಾಲ ಕೊಡುತ್ತಿದ್ದರು. ಅದನ್ನು ಮೂರು ತಿಂಗಳೊಳಗೆ ತೀರಿಸಬೇಕಿತ್ತು. ಒಂದೇ ವರ್ಷದಲ್ಲಿ 250 ಜನರಿಗೆ ಆ ಪುಟ್ಟ ಮೂಲಧನದಿಂದ ಸಹಾಯವಾಯಿತು. ಮುಂದೆ ಆ ನಿಧಿಯಿಂದ 5 ಪೌಂಡ್ ಪಡೆದು ಪುಸ್ತಕದಂಗಡಿ ಬೆಳೆಸಿದ ಜೇಮ್ಸ್ ಲ್ಯಾಕಿಂಗ್ಟನ್ ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದನು. ನಾಲ್ಕು ಮಡಿಕೆಯ ಆ ಲಕೋಟೆ ಬರೆದವರಿಗೆ ನಮ್ಮಲ್ಲೊಂದು ಮಂಗಳವಾರದ ಬೆಳಿಗ್ಗೆ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಹಂಬಲಿಸಿದ್ದೇನೆ.

ಕೊನೆಯದಾಗಿ, ನಮ್ಮ ಜನ ಮಾತಾಡಲು ಹಿಂಜರಿಯುವ ವಿಷಯವೊಂದಿದೆ, ಅದು ಉಯಿಲು. ಕರ್ನಾಟಕದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಗಂಡನು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ ಹೋಗುತ್ತದೆ. ಮಗಳಿಗೂ ಮಗನಷ್ಟೇ ಪಾಲುಂಟು. ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂದು ಹೆಣ್ಣುಮಕ್ಕಳ ಪಾಲನ್ನು ನುಂಗುವುದು ಕಾನೂನಿಗೂ ಸಲ್ಲದು, ಸುವಾರ್ತೆಗೂ ಸಲ್ಲದು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣವನ್ನು ಪಡೆದುಕೊಳ್ಳುವವರು ಮಾತ್ರ. ಅಷ್ಟರಿಂದಲೇ ಅವರು ಅದರ ಒಡೆಯರಾಗುವುದಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ ಸಾಯುವುದಕ್ಕೆ ಹನ್ನೆರಡು ತಿಂಗಳು ಮೊದಲೇ ಉಯಿಲು ಮಾಡಿರಬೇಕೆಂಬ ನಿರ್ಬಂಧ ಆ ಕಾಯ್ದೆಯ 118ನೆಯ ಕಲಮಿನಲ್ಲಿತ್ತು. ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಅದನ್ನು ರದ್ದುಮಾಡಿತು. ಈಗ ನಾವು ಅನಾಥಾಲಯಕ್ಕೋ ಆಸ್ಪತ್ರೆಗೋ ಒಂದು ಪಾಲು ಬರೆದಿಡಲು ಆ ಅಡ್ಡಿಯಿಲ್ಲ.

1776ರಲ್ಲಿ ಇಂಗ್ಲೆಂಡಿನ ತೆರಿಗೆ ಅಧಿಕಾರಿಗಳು ವೆಸ್ಲಿಯವರ ಬಳಿ ಲೆಕ್ಕಕ್ಕೆ ತೋರಿಸದ ಬೆಳ್ಳಿ ಪಾತ್ರೆಗಳಿರಬೇಕೆಂದು ಅನುಮಾನಿಸಿ ಪತ್ರ ಬರೆದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್ಲಿನಲ್ಲಿ ಎರಡು ಬೆಳ್ಳಿಯ ಟೀ ಚಮಚಗಳಿವೆ, ಸುತ್ತಲಿನ ಇಷ್ಟೊಂದು ಜನಕ್ಕೆ ರೊಟ್ಟಿಯಿಲ್ಲದಿರುವಾಗ ಇನ್ನು ಹೆಚ್ಚು ಕೊಳ್ಳುವುದಿಲ್ಲ ಎಂದು ಅವರು ಉತ್ತರಿಸಿದರು. ಅವರು ತೀರಿಕೊಂಡದ್ದು 1791ರ ಮಾರ್ಚ್ 2ರಂದು. ತಮ್ಮ ಶವವನ್ನು ಗಾಡಿಯಲ್ಲಿ ಒಯ್ಯಬಾರದು, ಆಡಂಬರ ಬೇಡ ಎಂದು ಅವರ ಉಯಿಲಿನಲ್ಲಿ ಬರೆದಿತ್ತು. ತಮ್ಮನ್ನು ಹೊತ್ತು ಸಮಾಧಿಗೆ ಒಯ್ಯುವ ಆರು ಮಂದಿ ಬಡವರಿಗೆ ಹಂಚಲೆಂದು ಅವರು 6 ಪೌಂಡ್ ತೆಗೆದಿರಿಸಿದ್ದರು, ತಲೆಗೆ ಒಂದು ಪೌಂಡಿನಂತೆ.

ನಮಸ್ಕಾರ.